ಪೆಟ್ಟಿ ಬರುವವರೆಗಿನ ದಿನಗಳು: ಗಲ್ಫ್ ಸಾವು ಮತ್ತು ಕಾಸರಗೋಡಿನ ಕನ್ನಡ ಓದು

(ಗಡಿಯಾಚೆಯ ಕನ್ನಡದ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ ಮತ್ತು ನಂತರದ ಚರ್ಚೆಯ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ನನ್ನ ಧ್ವನಿ ಕೇಳ್ತಾ ಉಂಟಲ್ವಾ? ಸರಿ. ನಮ್ಮಲ್ಲಿ ಮಳೆ ಜೋರಾದರೆ ನೆಟ್‌ವರ್ಕ್ ಹೋಗ್ತದೆ. ಮಧ್ಯದಲ್ಲಿ ನಿಂತರೆ ದಯವಿಟ್ಟು ಒಂದು ನಿಮಿಷ ಕಾಯಿರಿ.

ನನಗಿಂತ ಮೊದಲು ಮಾತಾಡಿದವರು ಅಕ್ಕಲಕೋಟೆ, ಜತ್ತ, ಆದವಾನಿ ಕಡೆಯ ಕನ್ನಡ ಶಾಲೆಗಳ ಬಗ್ಗೆ ಹೇಳಿದರು. ಕಾಸರಗೋಡಿನವನು ಅಂದಾಗ ನನ್ನಿಂದಲೂ ಅದನ್ನೇ ನಿರೀಕ್ಷೆ ಮಾಡ್ತಾರೆ. 1956ರ ನವೆಂಬರ್ 1, ಮಹಾಜನ ವರದಿ, ಚಂದ್ರಗಿರಿಯ ಉತ್ತರ, ಕನ್ನಡ ಮಾಧ್ಯಮಕ್ಕೆ ಮಲಯಾಳ ಮಾತ್ರ ಬಲ್ಲ ಅಧ್ಯಾಪಕರ ನೇಮಕ. ಅವೆಲ್ಲ ನಿಜವಾದ ಸಂಗತಿಗಳು. ನಾನೂ ಅವುಗಳ ಬಗ್ಗೆ ಬರೆದಿದ್ದೇನೆ, ಮೆರವಣಿಗೆಯಲ್ಲಿ ನಡೆದಿದ್ದೇನೆ. ಇವತ್ತು ಮಾತ್ರ ಬೇರೆ ವಿಷಯ ಎತ್ತಿಕೊಂಡಿದ್ದೇನೆ. ನಮ್ಮ ಊರಿನ ಮನೆಗಳಿಗೆ ಗಲ್ಫಿನಿಂದ ಹೆಣ ಬರ್ತದೆ. ಆ ಬರುವಿಕೆಯನ್ನು ನಾವು ಹೇಗೆ ಹೇಳಿದ್ದೇವೆ, ಹೇಗೆ ಓದಿದ್ದೇವೆ, ಅದರಲ್ಲಿ ಏನನ್ನು ಬಿಟ್ಟಿದ್ದೇವೆ ಎಂಬುದು ನನ್ನ ಪ್ರಶ್ನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೇನೆ. ಗಲ್ಫ್ ಸಾವಿನ ಕಥೆಗಳು, ಸಿನಿಮಾಗಳು, ಪತ್ರಿಕಾ ವರದಿಗಳು ಎಲ್ಲವೂ ಶವಪೆಟ್ಟಿಗೆ ಮನೆಯಂಗಳಕ್ಕೆ ಬರುವ ಗಳಿಗೆಯ ಮೇಲೆ ಕಣ್ಣಿಡುತ್ತವೆ. ಸಾವಿಗೂ ಆ ಗಳಿಗೆಗೂ ನಡುವೆ ಐದು, ಒಂಬತ್ತು, ಕೆಲವೊಮ್ಮೆ ನಲವತ್ತು ದಿನಗಳಿರುತ್ತವೆ. ಆ ದಿನಗಳನ್ನು ಬದುಕುವವರು ಮನೆಯಲ್ಲಿರುವವರು, ಹೆಚ್ಚಾಗಿ ಹೆಂಗಸರು. ಆ ದಿನಗಳಿಗೆ ಕನ್ನಡದಲ್ಲಿ ಬರಹ ಹುಟ್ಟಲಿಲ್ಲ. ಅದಕ್ಕೆ ಒಂದು ಕಾರಣ ನಮ್ಮ ಗಡಿನಾಡ ವಿಮರ್ಶೆಯೇ ಎಂದು ನನಗೆ ಅನಿಸ್ತದೆ.

1. ‘ತಾಯ್ನಾಡು’ ಎಂಬ ಪದ

ಕರಾವಳಿಯ ಯಾವ ಕನ್ನಡ ಪತ್ರಿಕೆ ತೆಗೆದರೂ ಈ ವರದಿಯ ಅಚ್ಚು ಒಂದೇ. ದುಬೈಯಲ್ಲೋ ಮಸ್ಕತ್ತಿನಲ್ಲೋ ಹೃದಯಾಘಾತದಿಂದ ನಿಧನ. ಇಷ್ಟು ವರ್ಷಗಳಿಂದ ಅಲ್ಲಿ ಉದ್ಯೋಗ. ಪಾರ್ಥಿವ ಶರೀರವನ್ನು ತಾಯ್ನಾಡಿಗೆ ತರಲು ಸಿದ್ಧತೆ. ಪತ್ನಿ, ಮಕ್ಕಳು, ಅಪಾರ ಬಂಧು ಬಳಗ. ಮನೆಯಲ್ಲಿ ಯಾರೂ ‘ಪಾರ್ಥಿವ ಶರೀರ’ ಅನ್ನುವುದಿಲ್ಲ. ‘ಬಾಡಿ ಯಾವಾಗ ಬರ್ತದಂತೆ?’ ಎಂದೇ ಕೇಳುವುದು. ಮುಸ್ಲಿಮರ ಮನೆಯಲ್ಲಾದರೆ ‘ಮಯ್ಯತ್ತು’. ಮಲಯಾಳದಲ್ಲಿ ‘ಪೆಟ್ಟಿ’ ಎಂಬ ಮಾತೂ ಉಂಟು. ಗಲ್ಫಿನವ ರಜೆಗೆ ಬರುವಾಗ ಹಗ್ಗ ಬಿಗಿದು ತರುವ ಸಾಮಾನಿನ ಪೆಟ್ಟಿಯೂ ಅದೇ, ಕೊನೆಗೆ ಅವನೇ ಬರುವ ಪೆಟ್ಟಿಯೂ ಅದೇ. ನಮ್ಮ ಮನೆಗಳಲ್ಲಿ ಕನ್ನಡ, ತುಳು ಮಾತಾಡುವಾಗಲೂ ಆ ಮಾತು ಬರ್ತದೆ.

ಈಗ ‘ತಾಯ್ನಾಡು’ ನೋಡಿ. ಕಾಸರಗೋಡಿನ ಕನ್ನಡ ಕಾವ್ಯದಲ್ಲಿ, ಕಯ್ಯಾರ ಕಿಞ್ಞಣ್ಣ ರೈಗಳ ತಲೆಮಾರಿನಿಂದ ಈಚೆಗೆ, ತಾಯ್ನಾಡು ಅಂದ್ರೆ ಕರ್ನಾಟಕ. ನಮ್ಮನ್ನು ಅದರಿಂದ ಕತ್ತರಿಸಿದರು, ನಾವು ಅದಕ್ಕೆ ಮರಳಬೇಕು ಎಂಬುದು ಆ ಕಾವ್ಯದ ಭಾವ. ಪತ್ರಿಕಾ ವರದಿಯಲ್ಲಿ ತಾಯ್ನಾಡು ಅಂದ್ರೆ ಭಾರತ. ಗಂಡನ ಹೆಣ ಕಾಯುವವಳಿಗೆ ಈ ಎರಡೂ ಅಲ್ಲ. ಅವಳಿಗೆ ಅಂಗಳ, ಅಡಿಕೆ ತೋಟದ ಬದಿಯಲ್ಲಿ ಸುಡುವ ಜಾಗ, ಅಥವಾ ಜಮಾಅತಿನ ಪಳ್ಳಿಯ ಹಿಂದಿನ ಖಬರ್‌ಸ್ಥಾನ. ಮೊದಲ ಎರಡು ಅರ್ಥಗಳ ಬಗ್ಗೆ ಪುಸ್ತಕಗಳಿವೆ. ಮೂರನೆಯದರ ಬಗ್ಗೆ ವಿರಳ.

ಇದು ಬರೀ ಶಬ್ದದ ಮಾತಲ್ಲ. ಗಡಿನಾಡ ಸಾಹಿತ್ಯವನ್ನು ಓದುವಾಗ ನಾವು ‘ನೆಲ ಯಾರದ್ದು’ ಎಂಬ ಪ್ರಶ್ನೆಯನ್ನೇ ಮೊದಲಿಡ್ತೇವೆ. ಆ ಪ್ರಶ್ನೆಗೆ ಉತ್ತರ ಕೊಡದ ಬರಹ ‘ಗಡಿನಾಡ’ ಬರಹ ಎಂದು ಲೆಕ್ಕಕ್ಕೆ ಬರುವುದಿಲ್ಲ. ಸಾರಾ ಅಬೂಬಕ್ಕರ್ ಅವರನ್ನೇ ತೆಗೆದುಕೊಳ್ಳಿ. ‘ಚಂದ್ರಗಿರಿಯ ತೀರದಲ್ಲಿ’ ಎಂದು ಹೆಸರಿನಲ್ಲೇ ಹೊಳೆ ಇರುವ ಕಾದಂಬರಿ ಬರೆದವರು, ಕಾಸರಗೋಡಿನಲ್ಲಿ ಹುಟ್ಟಿದವರು. ಆದರೂ ಅವರನ್ನು ನಾವು ಮುಸ್ಲಿಂ ಮಹಿಳಾ ಸಂವೇದನೆ ಎಂಬ ಕಪಾಟಿನಲ್ಲಿಟ್ಟೆವು. ಅದೇ ಹೊಳೆಯನ್ನು ಮಹಾಜನ ವರದಿಯ ಗೆರೆಯಾಗಿ ಇನ್ನೊಂದು ಕಪಾಟಿನಲ್ಲಿಟ್ಟೆವು. ಹೊಳೆಯ ದಡದ ಮನೆಯೊಳಗೆ ಹೆಂಗಸರು ಏನನ್ನು ಕಾಯುತ್ತಾರೆ ಎಂಬುದು ಗಡಿಯ ಪ್ರಶ್ನೆಯೂ ಹೌದು ಎಂದು ನಮಗೆ ಹೊಳೆಯಲಿಲ್ಲ.

2. ಮಲಯಾಳದಲ್ಲಿ ಬಂದದ್ದು

ಪಕ್ಕದ ಮನೆ ನೋಡೋಣ. ಗಲ್ಫಿನ ವಿಷಯದಲ್ಲಿ ಮಲಯಾಳ ನಮಗಿಂತ ಬಹಳ ಮುಂದೆ ಉಂಟು. 1970ರ ದಶಕದಲ್ಲೇ ಎಸ್. ಎ. ಜಮೀಲ್ ಅವರ ‘ದುಬೈ ಕತ್ತ್ ಪಾಟ್ಟ್’ ಬಂತು. ಊರಲ್ಲಿರುವ ಹೆಂಡತಿ ದುಬೈಯಲ್ಲಿರುವ ಗಂಡನಿಗೆ ಬರೆಯುವ ಪತ್ರವೇ ಹಾಡು. ಆಮೇಲೆ ಗಂಡನ ಉತ್ತರವೂ ಹಾಡಾಗಿ ಬಂತು. ಕಾಸರಗೋಡು ಪೇಟೆಯಲ್ಲಿ ಅದರ ಕ್ಯಾಸೆಟ್ ಕೇಳದವರಿಲ್ಲ. ಕಾಯುವ ಹೆಂಗಸಿಗೆ ಅಲ್ಲಿ ಒಂದು ಸ್ವಂತ ಧ್ವನಿ ಸಿಕ್ಕಿತು. ಅದು ಜೀವಂತ ಗಂಡನನ್ನು ಕಾಯುವ ಧ್ವನಿ.

2008ರಲ್ಲಿ ಬೆನ್ಯಾಮಿನ್ ಅವರ ‘ಆಡುಜೀವಿತಂ’. ಅದರಲ್ಲಿ ಹಕೀಮ ಮರುಭೂಮಿಯಲ್ಲೇ ಸಾಯ್ತಾನೆ. ಅವನಿಗೆ ಪೆಟ್ಟಿ ಇಲ್ಲ, ಕಾಗದ ಇಲ್ಲ, ವಿಮಾನ ಇಲ್ಲ. ಗಲ್ಫ್ ಸಾವು ಅಂದ್ರೆ ಪೆಟ್ಟಿ ಬರುವುದು ಎಂದುಕೊಂಡವರಿಗೆ ಆ ಕಾದಂಬರಿ ಹೇಳುವುದು, ಪೆಟ್ಟಿ ಬರುವುದೂ ಒಂದು ಸವಲತ್ತು ಎಂದು. ಕಾಗದವಿದ್ದವನ ಹೆಣ ಮಾತ್ರ ಊರಿಗೆ ಬರ್ತದೆ.

2015ರಲ್ಲಿ ಸಲೀಂ ಅಹ್ಮದ್ ನಿರ್ದೇಶನದ ‘ಪತ್ತೇಮಾರಿ’ ಬಂತು. ಮಮ್ಮೂಟ್ಟಿ ಮಾಡಿದ ನಾರಾಯಣನ್ ಪಾತ್ರ ಹಾಯಿಹಡಗಿನಲ್ಲಿ ಕದ್ದು ಹೋದ ಮೊದಲ ತಲೆಮಾರಿನವನದ್ದು. ಜೀವನಪೂರ್ತಿ ದುಡಿದು, ಕೊನೆಗೆ ಅಲ್ಲಿಯೇ ಸತ್ತು, ಪೆಟ್ಟಿಯಲ್ಲಿ ಊರಿಗೆ ಬರ್ತಾನೆ. ಅವನೇ ಕಟ್ಟಿಸಿದ ಹೊಸ ಮನೆಗೆ ಹೆಣವನ್ನು ತರುವುದಿಲ್ಲ. ಹೆಣ ಇಟ್ಟ ಮನೆ ಎಂದಾದರೆ ಬಾಡಿಗೆಗೆ ಯಾರೂ ಬರಲಿಕ್ಕಿಲ್ಲ ಎಂಬ ಲೆಕ್ಕ. ಥಿಯೇಟರಿನಲ್ಲಿ ನನ್ನ ಸುತ್ತ ಕೂತವರೆಲ್ಲ ಅಳ್ತಿದ್ದರು. ನಾನೂ ಅತ್ತೆ.

ಹೊರಗೆ ಬಂದ ಮೇಲೆ ನನಗೊಂದು ಇರುಸುಮುರುಸು ಉಳಿಯಿತು. ಸಿನಿಮಾ ಪೆಟ್ಟಿಯ ಕಡೆಯಿಂದ ಮನೆಯನ್ನು ನೋಡ್ತದೆ. ದುಡಿದು ಸತ್ತವನು ಪವಿತ್ರ, ಊರಲ್ಲಿ ಉಳಿದು ಅವನ ದುಡ್ಡಿನಲ್ಲಿ ಉಂಡವರು ಕೃತಘ್ನರು. ಸಿನಿಮಾದ ಸಿಟ್ಟು ನ್ಯಾಯವಾದದ್ದೇ. ಅಂಥ ಮನೆಗಳು ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆ ಕೋನದಿಂದ ನೋಡಿದಾಗ, ಪೆಟ್ಟಿ ಬರುವ ಮೊದಲು ಮನೆಯೊಳಗೆ ಏನು ನಡೆಯಿತು ಎಂಬುದು ಕಾಣುವುದಿಲ್ಲ. ಸಾವಿನ ಸುದ್ದಿ, ಕೂಡಲೇ ವಿಮಾನ, ಕೂಡಲೇ ಅಂಗಳ. ಸಿನಿಮಾಕ್ಕೆ ಅದು ಒಂದು ಕಟ್. ಮನೆಯವರಿಗೆ ಅದು ದಿನಗಳು.

ಮಲಯಾಳದ ಪರವಾಗಿ ಇನ್ನೊಂದು ಮಾತು ಹೇಳಬೇಕು. ಅಜ್ಮಾನಿನಲ್ಲಿರುವ ಅಶ್ರಫ್ ತಾಮರಶ್ಶೇರಿ ಅನ್ನುವವರು ಯಾರ ಹೆಣವಾದರೂ ಸರಿ, ಹಣ ತೆಗೆದುಕೊಳ್ಳದೆ ಕಾಗದ ಮಾಡಿಸಿ ಕಳಿಸಿಕೊಡ್ತಾರೆ. 2015ರಲ್ಲಿ ಅವರಿಗೆ ಪ್ರವಾಸಿ ಭಾರತೀಯ ಸಮ್ಮಾನ ಬಂತು, ಅವರ ಅನುಭವಗಳು ಮಲಯಾಳದಲ್ಲಿ ಪುಸ್ತಕವಾದವು. ಅಂದರೆ ನಡುವಿನ ದಿನಗಳ ಒಂದು ತುದಿ, ಆ ಕಡೆಯ ತುದಿ, ಬರಹಕ್ಕೆ ಬಂದಿದೆ. ಕನ್ನಡ ವರದಿಯಲ್ಲಿ ಅದೇ ಕೆಲಸ ‘ಅನಿವಾಸಿ ಸಂಘಟನೆಗಳ ನೆರವಿನೊಂದಿಗೆ’ ಎಂಬ ಮೂರು ಪದಗಳಲ್ಲಿ ಮುಗಿದುಹೋಗ್ತದೆ. ಈ ಕಡೆಯ ತುದಿ ಎರಡು ಭಾಷೆಯಲ್ಲೂ ಬಾಕಿ ಉಂಟು.

3. ನಾನು ಓದಿದ ಒಂದು ಕಾಗದ

ಇಲ್ಲಿ ನನ್ನ ಮನೆಯ ವಿಷಯ ಹೇಳಬೇಕಾಗ್ತದೆ. ವಿಮರ್ಶೆಯಲ್ಲಿ ಸ್ವಂತ ಸಂಕಟ ತರಬಾರದು ಎಂದು ನನ್ನ ಗುರುಗಳು ಹೇಳ್ತಿದ್ದರು. ಆದರೆ ಈ ವಿಷಯದಲ್ಲಿ ನಾನು ಓದಿದ ಪಠ್ಯವೇ ಮನೆಯದ್ದು.

2012ರಲ್ಲಿ ನನ್ನ ಭಾವ, ಅಕ್ಕನ ಗಂಡ, ಶಾರ್ಜಾದಲ್ಲಿ ತೀರಿಹೋದರು. ಎಸಿ ರಿಪೇರಿ ಕೆಲಸ. ಗುರುವಾರ ಬೆಳಗ್ಗೆ ರೂಮಿನವರು ಎಬ್ಬಿಸಲು ಹೋದಾಗ ಎಬ್ಬಿಸಲಿಕ್ಕಾಗಲಿಲ್ಲ. ಆಗ ಅಲ್ಲಿ ಶುಕ್ರವಾರ, ಶನಿವಾರ ಕಚೇರಿಗಳಿಗೆ ರಜೆ. ಆದ್ದರಿಂದ ಮೊದಲ ಮೂರು ದಿನ ಏನೂ ಆಗಲಿಲ್ಲ. ಆಮೇಲೆ ಶುರುವಾದದ್ದನ್ನು ಗಲ್ಫ್ ಮನೆಗಳವರು ಬಾಯಿಪಾಠ ಹೇಳ್ತಾರೆ. ಪೊಲೀಸರ ಕಾಗದ, ಅಲ್ಲಿನ ಮರಣ ಪ್ರಮಾಣಪತ್ರ, ಪಾಸ್‌ಪೋರ್ಟ್ ರದ್ದು, ಭಾರತೀಯ ದೂತಾವಾಸದ ನಿರಾಕ್ಷೇಪಣ ಪತ್ರ, ವೀಸಾ ರದ್ದು, ಎಂಬಾಮಿಂಗ್, ಅದರ ಸರ್ಟಿಫಿಕೇಟ್, ಪೆಟ್ಟಿಗೆ, ಕಾರ್ಗೋ ಬುಕಿಂಗ್. ಒಂದು ಸಿಗದೆ ಇನ್ನೊಂದಿಲ್ಲ.

ನಮ್ಮಿಂದ ಒಂದು ಒಪ್ಪಿಗೆ ಪತ್ರ ಕೇಳಿದರು. ಅಲ್ಲಿ ಸಿಕ್ಕಿಬಿದ್ದೆವು. ಭಾವನ ಪಾಸ್‌ಪೋರ್ಟಿನಲ್ಲಿದ್ದ ಹೆಸರು ಅವರ ಕನ್ನಡ ಶಾಲೆಯ ಸರ್ಟಿಫಿಕೇಟಿನಿಂದ ಬಂದದ್ದು. ಅಕ್ಕನ ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಮಲಯಾಳದ ಉಚ್ಚಾರಕ್ಕೆ ತಕ್ಕಂತೆ, ಕೊನೆಯ ಅಕ್ಷರ ಬೇರೆ. ಊರಿನ ಹೆಸರು ಒಂದರಲ್ಲಿ ಕನ್ನಡದ ಹಾಗೆ, ಇನ್ನೊಂದರಲ್ಲಿ ಮಲಯಾಳದ ಹಾಗೆ, ಮೂರನೆಯದರಲ್ಲಿ ಇಂಗ್ಲಿಷಿನಲ್ಲಿ ಯಾರಿಗೋ ತೋಚಿದ ಹಾಗೆ. ಇವರೆಲ್ಲ ಒಬ್ಬರೇ ಎಂದು ಅಫಿಡವಿಟ್ ಮಾಡಿಸಲು ಒಂದೂವರೆ ದಿನ ಹೋಯಿತು. 2021ರಲ್ಲಿ ಕಾಸರಗೋಡಿನ ಸ್ಥಳನಾಮಗಳನ್ನು ಮಲಯಾಳಕ್ಕೆ ತಿರುಗಿಸ್ತಾರೆ ಎಂದು ದೊಡ್ಡ ಗದ್ದಲ ಎದ್ದಿತು, ಕೇರಳ ಸರ್ಕಾರ ಹಾಗೇನೂ ಇಲ್ಲ ಎಂದಿತು. ಆಗ ನಾವು ಬರೆದ ಲೇಖನಗಳಲ್ಲೆಲ್ಲ ಸಂಸ್ಕೃತಿ, ಅಸ್ಮಿತೆ, ಇತಿಹಾಸ ಎಂಬ ಮಾತುಗಳೇ. ನನ್ನ ಲೇಖನದಲ್ಲೂ ಅಷ್ಟೇ. ಊರಿನ ಹೆಸರು ಎರಡು ಥರ ಇದ್ದರೆ ಒಬ್ಬನ ಹೆಣ ಮಾರ್ಚುವರಿಯಲ್ಲಿ ಒಂದೂವರೆ ದಿನ ಹೆಚ್ಚು ಇರ್ತದೆ ಎಂದು ನಾನೇ ಬರೆಯಲಿಲ್ಲ. ಮನೆಯಲ್ಲಿ ನಡೆದದ್ದು ನನಗೆ ವಾದದ ವಸ್ತುವಾಗಿ ಕಾಣಲಿಲ್ಲ.

ಒಂಬತ್ತನೆಯ ದಿನ ಬಜ್ಪೆಗೆ ಬಂತು. ಕಾರ್ಗೋ ಗೇಟಿನಲ್ಲಿ ನಾನು ಸಹಿ ಹಾಕಬೇಕು. ಏರ್‌ವೇ ಬಿಲ್ ಕೈಗೆ ಕೊಟ್ಟರು. ಕಳಿಸಿದವರು, ಪಡೆಯುವವರು, ಸರಕಿನ ವಿವರ, ತೂಕ ಎಂದು ಕಾಲಂಗಳು. ಪಡೆಯುವವರು ಎಂಬಲ್ಲಿ ನನ್ನ ಹೆಸರು. ಸರಕಿನ ವಿವರದಲ್ಲಿ ‘ಹ್ಯೂಮನ್ ರಿಮೇನ್ಸ್’. ತೂಕ 118 ಕಿಲೋ, ಪೆಟ್ಟಿಗೆಯೂ ಸೇರಿ. ಆಗ ತೂಕದ ಮೇಲೆ ದರ. ಮುಂದೆ 2019ರ ಜನವರಿಯಲ್ಲಿ ಏರ್ ಇಂಡಿಯಾ ಯುಎಇಯಿಂದ ಬರುವ ಶವಗಳಿಗೆ ತೂಕದ ಲೆಕ್ಕ ಬಿಟ್ಟು ದೊಡ್ಡವರಿಗೆ 1,500 ದಿರ್ಹಂ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 750 ಎಂದು ಗೊತ್ತುಮಾಡಿತು. ಗಲ್ಫಿನ ಸಂಘಟನೆಗಳು ವರ್ಷಗಟ್ಟಲೆ ಕೇಳಿದ ಮೇಲೆ ಆದ ಬದಲಾವಣೆ ಅದು. ಹೆಣವನ್ನು ತೂಗಬೇಡಿ ಎಂಬುದು ಅವರ ಬೇಡಿಕೆ. ಇಡೀ ಗಲ್ಫ್ ಬರಹದಲ್ಲಿ ಅದಕ್ಕಿಂತ ಸ್ಪಷ್ಟವಾದ ವಾಕ್ಯ ನಾನು ನೋಡಿಲ್ಲ, ಅದು ಬಂದದ್ದು ಮನವಿ ಪತ್ರದಲ್ಲಿ.

ಅಂಬುಲೆನ್ಸ್ ಮಂಗಳೂರು ದಾಟಿ, ತೊಕ್ಕೊಟ್ಟು ದಾಟಿ ತಲಪಾಡಿಗೆ ಬಂತು. ಚೆಕ್‌ಪೋಸ್ಟಿನಲ್ಲಿ ಡ್ರೈವರ್ ಇಳಿದು ಕಾಗದ ತೋರಿಸಿ ಬಂದ. ನಾನು ಎಷ್ಟೋ ಭಾಷಣಗಳಲ್ಲಿ ‘ಕೃತಕ ಗಡಿ’ ಎಂದು ಕರೆದ ಜಾಗ ಅದು. ಆವತ್ತು ಎರಡು ನಿಮಿಷದಲ್ಲಿ ದಾಟಿದೆವು. ನಿಜವಾಗಿ ದಾಟಲು ಒಂಬತ್ತು ದಿನ ಹಿಡಿದ ಗಡಿ ಬೇರೆಯೇ ಇತ್ತು.

4. ದಿನ ಎಣಿಸುವುದು

ಆ ಒಂಬತ್ತು ದಿನ ಅಕ್ಕ ಹಣೆಗೆ ಕುಂಕುಮ ಇಟ್ಟುಕೊಂಡೇ ಇದ್ದಳು. ತೆಗಿ ಎಂದು ಯಾರೂ ಹೇಳಲಿಲ್ಲ. ಇಡು ಎಂದೂ ಹೇಳಲಿಲ್ಲ. ನೆರೆಯವರು ಗಂಜಿ ತಂದುಕೊಟ್ಟರು, ಮೂರನೇ ದಿನ ಅಕ್ಕನೇ ಒಲೆ ಹೊತ್ತಿಸಿದಳು, ಮಕ್ಕಳಿಗೆ ಹಸಿವಾಗ್ತದಲ್ಲ. ದೊಡ್ಡಮ್ಮ ಒಬ್ಬರು ‘ಸೂತಕದಲ್ಲಿ’ ಎಂದು ಬಾಯಿ ತೆಗೆದು ಹಾಗೇ ಮುಚ್ಚಿಕೊಂಡರು. ಸೂತಕ ಶುರುವಾಗಿದೆಯೇ ಇಲ್ಲವೇ ಎಂದು ಅವರಿಗೂ ಗೊತ್ತಿಲ್ಲ. ಮನೆಯಲ್ಲಿ ಹೆಣ ಇಲ್ಲ, ಸಾವು ಉಂಟು. ಅದಕ್ಕೆ ತಕ್ಕ ನಡವಳಿಕೆ ನಮ್ಮ ಕಟ್ಟಳೆಯಲ್ಲಿ ಇಲ್ಲ.

ಆಮೇಲೆ ಉತ್ತರಕ್ರಿಯೆಯ ದಿನ ಗೊತ್ತುಮಾಡುವಾಗ ಚರ್ಚೆ ಬಂತು. ಹದಿಮೂರನೆಯ ದಿನ ಎಂದರೆ ಎಲ್ಲಿಂದ ಲೆಕ್ಕ? ತೀರಿಹೋದ ದಿನದಿಂದಲೋ, ಸುಟ್ಟ ದಿನದಿಂದಲೋ? ಕಾಗದ ಅಚ್ಚು ಹಾಕಿಸಬೇಕು. ಹಿರಿಯರು ಸುಟ್ಟ ದಿನದಿಂದ ಎಂದರು. ಅಕ್ಕ ಒಳಗಿನಿಂದ ಒಂದೇ ಮಾತು ಹೇಳಿದಳು, ‘ಹಾಗಾದ್ರೆ ಆ ಒಂಬತ್ತು ದಿನ ಅವ್ರು ಎಂತ ಆಗಿದ್ರು?’ ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ.

ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ಇನ್ನೊಂದು ಸಾವು, ಅದೇ ಕಾಲದ್ದು. ಸೌದಿಯಲ್ಲಿ ತೀರಿಹೋದವರನ್ನು ಅಲ್ಲಿಯೇ ದಫನ ಮಾಡಿದರು. ಎಂಬಾಮಿಂಗ್ ಬೇಡ, ತಡ ಬೇಡ, ಅದು ಪುಣ್ಯಭೂಮಿ ಎಂದು ಮನೆಯವರೇ ಒಪ್ಪಿದರು. ಶುಕ್ರವಾರ ಪಳ್ಳಿಯಲ್ಲಿ ಹೆಣವಿಲ್ಲದೆಯೇ ಮಯ್ಯತ್ ನಮಾಝ್ ಮಾಡಿದರು. ದೂರದಲ್ಲಿ ತೀರಿಹೋದವರಿಗಾಗಿ ಹಾಗೆ ಮಾಡಲು ಶಾಫಿ ಪದ್ಧತಿಯಲ್ಲಿ ಅವಕಾಶವಿದೆ. ಆ ಮನೆಯ ಹೆಂಗಸು ಇದ್ದತ್ ಕೂತರು, ನಾಲ್ಕು ತಿಂಗಳು ಹತ್ತು ದಿನ. ಲೆಕ್ಕ ಸಾವಿನ ದಿನದಿಂದ. ಪೆಟ್ಟಿ ಬಂದರೂ ಬಾರದಿದ್ದರೂ ಅದು ಬದಲಾಗುವುದಿಲ್ಲ.

ಒಂದು ಪದ್ಧತಿ ಮೇಲು, ಇನ್ನೊಂದು ಕೀಳು ಎಂದು ನಾನು ಹೇಳ್ತಿಲ್ಲ. ಹೆಣ ಸಿಗದಾಗ ಮುತ್ತುಗದ ಎಲೆಯ ಪ್ರತಿಮೆ ಮಾಡಿ ಸುಡುವ ಪಾಲಾಶ ವಿಧಿ ಹಿಂದೂ ಕ್ರಮದಲ್ಲೂ ಉಂಟು. ಆದರೆ ಹೆಣ ಸಿಗುವುದು ಖಚಿತ, ಇನ್ನೂ ಸಿಕ್ಕಿಲ್ಲ ಎಂಬ ಸ್ಥಿತಿಗೆ ಏನೂ ಇಲ್ಲ. ಅದು ವಿಮಾನದ ಕಾಲದ ಸ್ಥಿತಿ. ಆ ನೆರೆಮನೆಯ ಹೆಂಗಸಿಗೆ ತಾರೀಕು ಗೊತ್ತಿತ್ತು, ಗಂಡನ ಮುಖ ಕಡೆಯ ಬಾರಿ ನೋಡಲು ಸಿಗಲಿಲ್ಲ. ಅಕ್ಕನಿಗೆ ಮುಖ ಸಿಕ್ಕಿತು, ತಾರೀಕು ಸಿಗಲಿಲ್ಲ. ವರ್ಷಗಳ ನಂತರ ಇಬ್ಬರೂ ಬಾವಿಕಟ್ಟೆಯ ಹತ್ತಿರ ಇದನ್ನೇ ಮಾತಾಡಿದ್ದನ್ನು ನಾನು ಕೇಳಿದ್ದೇನೆ. ಒಬ್ಬರದ್ದು ತುಳು, ಇನ್ನೊಬ್ಬರದ್ದು ಮಲಯಾಳ, ನಡುವೆ ಕನ್ನಡ. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ನಾವು ವೇದಿಕೆಯಲ್ಲಿ ಹೇಳ್ತೇವಲ್ಲ, ಆ ಸಂಗಮ ನಡೆಯುವುದು ಹೀಗೆ. ಅದನ್ನು ಬರೆದವರು ಕಡಿಮೆ.

5. ಊರಿಗೆಲ್ಲ ಗೊತ್ತಿರುವ ಸಾವುಗಳು

ಮನೆಯ ಸಾವು ಬಿಟ್ಟು ಎಲ್ಲರಿಗೂ ಗೊತ್ತಿರುವುದಕ್ಕೆ ಬರ್ತೇನೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ರನ್‌ವೇ ದಾಟಿ ಕೆಳಗೆ ಬಿತ್ತು. 158 ಮಂದಿ ಸತ್ತರು, 8 ಮಂದಿ ಉಳಿದರು. ಸತ್ತವರಲ್ಲಿ ಕಾಸರಗೋಡಿನವರು ಬಹಳ. ಆಗ ಕಣ್ಣೂರಿನ ವಿಮಾನ ನಿಲ್ದಾಣ ಇರಲಿಲ್ಲ, ಅದು ಶುರುವಾದದ್ದು 2018ರ ಡಿಸೆಂಬರಿನಲ್ಲಿ. ನಮಗೆ ಬಜ್ಪೆಯೇ ಬಾಗಿಲು. ಗುರುತು ಸಿಗದ 12 ಶವಗಳನ್ನು ಕೂಳೂರಿನ ಹತ್ತಿರ ಫಲ್ಗುಣಿ ಹೊಳೆಯ ದಡದಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಈಗ ಅಲ್ಲಿ ಸ್ಮಾರಕವಿದೆ, ಮೇ 22ಕ್ಕೆ ಪುಷ್ಪಾಂಜಲಿ ಆಗ್ತದೆ. ಅವರು ಯಾವ ಧರ್ಮದವರು, ಯಾವ ರಾಜ್ಯದವರು, ಯಾವ ಭಾಷೆಯವರು ಎಂದು ವಿಂಗಡಿಸಲು ಆಗಲಿಲ್ಲ. ಮನೆಯಿಂದ ಅಷ್ಟು ಹತ್ತಿರ ಬಂದು ಮನೆ ಮುಟ್ಟದವರು.

2020ರಲ್ಲಿ ಕೊರೊನಾ. ಏಪ್ರಿಲಿನಲ್ಲಿ ಅಬುಧಾಬಿಯಿಂದ ದೆಹಲಿಗೆ ಬಂದ ಮೂರು ಶವಗಳನ್ನು ಇಲ್ಲಿ ಇಳಿಸಿಕೊಳ್ಳದೆ ವಾಪಸು ಕಳಿಸಿದರು. ಅದೇ ದಿನಗಳಲ್ಲಿ ಕರ್ನಾಟಕ ಕಡೆಯವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೊರಟ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ತೀರಿಹೋದರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ‘ತಾಯ್ನಾಡು ಕರ್ನಾಟಕ’ ಎಂದು ಬರೆದ ನಮ್ಮಂಥವರಿಗೆ ಅದು ನುಂಗಲಾರದ ತುತ್ತು. ಆ ಬಗ್ಗೆ ಗಡಿನಾಡ ಕನ್ನಡದಲ್ಲಿ ಬಂದದ್ದು ಕೆಲವು ಪದ್ಯ, ಕೆಲವು ಸಂಪಾದಕೀಯ. ಆಮೇಲೆ ಮೌನ.

2024ರ ಜೂನ್ 12ರಂದು ಕುವೈಟಿನ ಮಂಗಾಫಿನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿತ್ತು. 45 ಭಾರತೀಯರ ಶವಗಳನ್ನು ವಾಯುಪಡೆಯ ವಿಮಾನದಲ್ಲಿ ತಂದರು. 14ರಂದು ಕೊಚ್ಚಿಯಲ್ಲಿ 31 ಪೆಟ್ಟಿಗಳನ್ನು ಇಳಿಸಿ ಸಾಲಾಗಿ ಇಟ್ಟರು. ಕೇರಳದವರು 23, ತಮಿಳುನಾಡಿನವರು 7, ಕರ್ನಾಟಕದವರು 1. ಟಿವಿಯವರು ಈ ಲೆಕ್ಕವನ್ನೇ ಮತ್ತೆ ಮತ್ತೆ ಹೇಳ್ತಿದ್ದರು. ಕೇರಳದ ಆ 23ರಲ್ಲಿ ಕಾಸರಗೋಡು ಜಿಲ್ಲೆಯವರೂ ಇದ್ದರು. ಭಾಷಾವಾರು ಪ್ರಾಂತ ರಚನೆಯ ಲೆಕ್ಕವನ್ನು ಪೆಟ್ಟಿಗಳ ಮೇಲೆ ನೋಡಿದ್ದು ನನಗೆ ಅದೇ ಮೊದಲು. ಆ ಲೆಕ್ಕ ತಪ್ಪು ಎನ್ನುವುದಿಲ್ಲ, ಯಾವ ಅಂಬುಲೆನ್ಸ್ ಯಾವ ಕಡೆ ಹೋಗಬೇಕು ಎಂದು ಗೊತ್ತಾಗಬೇಕಲ್ಲ. ಮಂಗಾಫಿನ ರೂಮಿನಲ್ಲಿ ಅವರು ಒಂದೇ ಅಡುಗೆ ಉಂಡಿದ್ದರು.

6. ವಿಮರ್ಶೆ ಮಾಡಬಹುದಾದದ್ದು

ಬರಹವೇ ಇಲ್ಲದಿದ್ದರೆ ವಿಮರ್ಶೆ ಏನು ಮಾಡ್ತದೆ ಎಂದು ನೀವು ಕೇಳಬಹುದು. ಬರಹ ಉಂಟು ಎಂಬುದೇ ನನ್ನ ಉತ್ತರ. ಅದು ಪುಸ್ತಕದ ಅಂಗಡಿಯಲ್ಲಿಲ್ಲ, ಗೋದ್ರೇಜಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಉಂಟು. ರದ್ದಾದ ಪಾಸ್‌ಪೋರ್ಟ್, ಅಫಿಡವಿಟ್, ಏರ್‌ವೇ ಬಿಲ್, ರೂಮಿನವರು ಕಳಿಸಿದ ಧ್ವನಿ ಸಂದೇಶ, ಉತ್ತರಕ್ರಿಯೆಯ ಕಾಗದ. ಅಕ್ಕನ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಟೈಪಾಗಿದೆ, ನೋಟರಿಯ ಸೀಲು ಮಲಯಾಳದಲ್ಲಿದೆ, ಕೆಳಗೆ ಅಕ್ಕನ ಸಹಿ ಕನ್ನಡದಲ್ಲಿದೆ. ಗಂಡನ ಹೆಸರಿನ ಸರಿಯಾದ ರೂಪ ಆ ಪುಟದಲ್ಲಿ ಒಂದೇ ಕಡೆ ಉಂಟು, ಅವಳ ಸಹಿಯ ಪಕ್ಕದಲ್ಲಿ ಅವಳೇ ಬರೆದದ್ದು. ಗಡಿನಾಡ ಕನ್ನಡದ ಪಠ್ಯ ಯಾವುದು ಎಂದು ಕೇಳಿದರೆ ನಾನು ಅದನ್ನು ತೋರಿಸ್ತೇನೆ.

ಎರಡನೆಯದು, ಕಥೆಗಳನ್ನು ಓದುವಾಗ ಒಂದು ಸರಳ ಪ್ರಶ್ನೆ ಹಾಕಿಕೊಳ್ಳೋಣ. ಸಾವು ಯಾವ ಪುಟದಲ್ಲಿ, ಪೆಟ್ಟಿ ಯಾವ ಪುಟದಲ್ಲಿ, ನಡುವೆ ಎಷ್ಟು ಪುಟ? ನಡುವೆ ಪುಟವೇ ಇಲ್ಲದಿದ್ದರೆ ಆ ಕಥೆ ಯಾರ ಕಣ್ಣಿನಿಂದ ಹೇಳಿದ್ದು ಎಂದು ಗೊತ್ತಾಗ್ತದೆ.

ಇಷ್ಟು ಹೇಳಿ ನಿಲ್ಲಿಸ್ತೇನೆ. ಸಮಯ ಮೀರಿದೆ, ಕ್ಷಮಿಸಿ.

ಚರ್ಚೆ

ಪ್ರಶ್ನೆ (ಸೊಲ್ಲಾಪುರದಿಂದ): ಸರ್, ನಮ್ಮ ಕಡೆ ಗಲ್ಫ್ ಇಲ್ರಿ. ಗಿರಣಿ ಇದ್ದಾಗ ಮಂದಿ ಇಲ್ಲಿಗೇ ಬರತಿದ್ರು, ಈಗ ಪುಣೆ, ಮುಂಬೈಗೆ ಹೋಗತಾರ. ಅಲ್ಲಿ ಸತ್ತರ ರಾತ್ರೋರಾತ್ರಿ ಗಾಡಿ ಮಾಡಿಕೊಂಡು ತರತೀವಿ. ನೀವು ಹೇಳೋ ನಡುವಿನ ದಿನ ನಮಗ ಇಲ್ಲ. ಹಂಗಾದ್ರ ಇದು ಬರೀ ಕಾಸರಗೋಡಿನ ಮಾತಲ್ಲೇನ್ರಿ?

ಉತ್ತರ: ಒಳ್ಳೆಯ ಪ್ರಶ್ನೆ. ದಿನಗಳ ಲೆಕ್ಕ ನಮ್ಮದೇ ಇರಬಹುದು. ಹೆಸರಿನ ಲೆಕ್ಕ ನಿಮ್ಮದೂ ಅಲ್ವಾ? ಆಧಾರ್ ಮರಾಠಿಯಲ್ಲಿ, ಶಾಲೆಯ ದಾಖಲೆ ಕನ್ನಡದಲ್ಲಿ. ಆಸ್ಪತ್ರೆಯಿಂದ ಹೆಣ ಬಿಡಿಸಿಕೊಳ್ಳುವಾಗ ನಿಮ್ಮಲ್ಲಿ ಯಾರಾದರೂ ಈ ಕಾರಣಕ್ಕೆ ನಿಂತದ್ದುಂಟೋ ಎಂದು ವಿಚಾರಿಸಿ ನೋಡಿ. ಉಂಟು ಎಂದಾದರೆ ಅದನ್ನು ಬರೆಯಿರಿ, ಸಂಸ್ಕೃತಿ ಎಂಬ ಪದ ಬಳಸದೆ ಬರೆಯಿರಿ.

ಪ್ರಶ್ನೆ (ತಾಳವಾಡಿಯಿಂದ): ಮನೆಯವರ ಸಂಕಟವನ್ನು ಹೀಗೆ ಪಠ್ಯ ಅಂತ ಕರೆಯೋದು ಸರಿನಾ ಸರ್? ನಿಮ್ಮ ಅಕ್ಕ ಒಪ್ಪಿದ್ದಾರಾ?

ಉತ್ತರ: ಕೇಳಿದೆ ಮೇಡಂ. ಈ ಉಪನ್ಯಾಸದ ಮೊದಲು ಅವಳಿಗೆ ಪೂರ್ತಿ ಓದಿ ಹೇಳಿದೆ. ‘ಪಠ್ಯ’ ಎಂಬ ಮಾತಿಗೆ ಅವಳು ಏನೂ ಅನ್ನಲಿಲ್ಲ. ತೂಕ ಮಾತ್ರ ತಿದ್ದಿದಳು. ನಾನು 115 ಎಂದು ಬರೆದಿದ್ದೆ. ಅವಳು ಚೀಲ ತೆಗೆದು ಕಾಗದ ತೋರಿಸಿದಳು, 118. ನೀವು ಈಗ ಕೇಳಿದ್ದು ಅವಳು ತಿದ್ದಿಕೊಟ್ಟದ್ದು.